ಎರಡು ಫೋನು, ಒಂದು ಮೋಟಾರು

ರಸ್ಟ್ ಎಂಬ ಹೊಸ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕೂತಾಗ ನನಗೆ ನಲವತ್ತೊಂದು ವರ್ಷ. ನಂಜನಗೂಡಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ. ಪಂಪ್‌ಸೆಟ್ಟನ್ನು ಫೋನಿನಿಂದಲೇ ಚಾಲೂ ಮಾಡುವ ಬೋರ್ಡು ತಯಾರಿಸುತ್ತೇವೆ. ಬೋರ್ಡಿನೊಳಗಿನ ಪ್ರೋಗ್ರಾಮು ನನ್ನದು. ಅಲ್ಲಿಯವರೆಗೆ ಎಲ್ಲವನ್ನೂ ಸಿ ಭಾಷೆಯಲ್ಲೇ ಬರೆದವಳು. ಸಿ ನನ್ನನ್ನು ಏನೂ ಕೇಳುತ್ತಿರಲಿಲ್ಲ. ತಪ್ಪು ಬರೆದರೂ ಹೂಂ ಅನ್ನುತ್ತಿತ್ತು, ಆಮೇಲೆ ಯಾರದೋ ತೋಟದಲ್ಲಿ ಬೋರ್ಡು ಕೈಕೊಡುತ್ತಿತ್ತು. ಬೈಸಿಕೊಂಡು ಸಾಕಾಗಿ ನಮ್ಮ ಓನರ್ರು, "ಇನ್ಮೇಲೆ ಹೊಸದ್ರಲ್ಲೇ ಬರೀರಿ ಮೇಡಂ" ಅಂದರು.

ಹೊಸದು ಹೂಂ ಅನ್ನುವ ಪೈಕಿಯಲ್ಲ. ಬರೆದದ್ದನ್ನು ಓದಿ ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವ ಕಂಪೈಲರ್ ಎಂಬುದೊಂದು ಇದೆಯಲ್ಲ, ಅದು ಸಾಲು ಸಾಲಿಗೂ ಕೆಂಪು ಅಕ್ಷರದಲ್ಲಿ ತಗಾದೆ ತೆಗೆಯಿತು. ಒಂದು ವಸ್ತುವಿಗೆ ಒಬ್ಬರೇ ಒಡೆಯರು. ಬೇರೆಯವರು ಬೇಕಾದರೆ ಸ್ವಲ್ಪ ಹೊತ್ತು ನೋಡಲು ಇಸಿದುಕೊಳ್ಳಬಹುದು. ಒಬ್ಬರು ಅದನ್ನು ತಿದ್ದುತ್ತಿರುವಾಗ ಇನ್ನೊಬ್ಬರು ಅದರ ಕಡೆ ಕಣ್ಣೂ ಹಾಯಿಸುವಂತಿಲ್ಲ. ಅತ್ತೆ ಮನೆಯಲ್ಲೂ ಇಷ್ಟು ಕೊಂಕು ಕೇಳಿದವಳಲ್ಲ ನಾನು. ನರಸೀಪುರದಲ್ಲಿ ಬಸ್ಸು ಹತ್ತಿದರೆ ನಂಜನಗೂಡಿನಲ್ಲಿ ಇಳಿಯುವವರೆಗೂ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಅದರೊಂದಿಗೆ ಜಗಳ. ಪಕ್ಕದಲ್ಲಿ ಕೂತಿದ್ದ ಹೆಂಗಸು ಒಂದು ದಿನ, "ಯಾರ್ಗವ್ವ ಇಂಗೆ ಬೈತಿದ್ದೀ?" ಎಂದು ಕೇಳಿಯೇಬಿಟ್ಟಳು.

ಎರಡನೇ ವಾರ ಒಂದು ಒಳದಾರಿ ಸಿಕ್ಕಿತು. ಕಂಪೈಲರ್ ಎಲ್ಲೆಲ್ಲಿ ತಕರಾರು ಎತ್ತುತ್ತದೋ ಅಲ್ಲೆಲ್ಲ ಆ ವಸ್ತುವಿನ ಇನ್ನೊಂದು ಪ್ರತಿ ಮಾಡಿ ಕೊಟ್ಟುಬಿಡುವುದು. ಒಡೆತನದ ಗಲಾಟೆಯೇ ಇಲ್ಲ, ನಿನಗೊಂದು ನನಗೊಂದು. ಕಂಪೈಲರ್ ಗಪ್‌ಚಿಪ್ಪಾಯಿತು. ಅಬ್ಬಾ, ಕಲಿತೇಬಿಟ್ಟೆ ಅಂದುಕೊಂಡೆ! ಜಂಬ ಬೇರೆ.

ಮೊದಲ ಬೋರ್ಡನ್ನು ಪರೀಕ್ಷೆಗೆಂದು ಬಿಳಿಗೆರೆ ಹೋಬಳಿಯ ನಮ್ಮ ಊರಿಗೇ ಒಯ್ದೆ. ಅಲ್ಲಿ ನಮ್ಮವ್ವನಿಗೂ ದೊಡ್ಡವ್ವನಿಗೂ, ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿಗೂ, ಸೇರಿ ಒಂದೇ ಬಾವಿ, ಒಂದೇ ಮೋಟಾರು. ಗಂಡಸರು ಹೋದ ಮೇಲೆ ಬೇಸಾಯ ಇವರಿಬ್ಬರದೇ. ಸ್ಟಾರ್ಟರ್ ಡಬ್ಬಕ್ಕೆ ಒಂದು ಬೀಗ, ಅದಕ್ಕೆ ಒಂದೇ ಕೀ. ಯಾರ ಸರದಿಯೋ ಅವರ ಸೆರಗಿನ ಗಂಟಿನಲ್ಲಿ ಅದು. ಸರದಿ ಮುಗಿದರೆ ಇನ್ನೊಬ್ಬರ ಅಂಗೈಗೇ ಕೊಡಬೇಕು, ಮೊಳೆಗೆ ನೇತು ಹಾಕುವಂತಿಲ್ಲ. ಮಾತು ಬಿಟ್ಟಿದ್ದ ವರ್ಷದಲ್ಲೂ ಇಬ್ಬರೂ ಮುಖ ಅತ್ತ ತಿರುಗಿಸಿಕೊಂಡೇ ಕೀಯನ್ನು ಕೈಯಿಂದ ಕೈಗೆ ಕೊಟ್ಟವರು. ಬಾವಿಯೊಳಗಿನ ಮೋಟಾರಿನ ಹತ್ತಿರ ಇಳಿದು ಕೆಲಸ ಮಾಡುವುದಿದ್ದರೂ ಮೊದಲು ಆ ಕೀಯನ್ನು ಇಸಿದುಕೊಳ್ಳಲೇಬೇಕು.

"ಇನ್ನ ಕೀ ಬ್ಯಾಡ ಅವ್ವ. ಇಬ್ರ ಫೋನ್ಗೂ ಹಾಕಿದ್ದೀನಿ. ಮೋಟ್ರತ್ರ ಇಳಿಯೋ ಮುಂಚೆ ಈ ಬೀಗದ ಗುರ್ತು ಒತ್ತು. ಆಮೇಲೆ ಯಾರು ಒತ್ತುದ್ರೂ ಶುರುವಾಗಲ್ಲ" ಅಂದೆ.

"ಗ್ಯಾರಂಟಿನಾ?" ಅಂದಳು ಅವ್ವ.

"ನಾನೇ ಬರ್ದಿರೋದು ಕಣವ್ವ!"

ಮುಂದಿನ ಭಾನುವಾರ ಬೆಳಿಗ್ಗೆ ಮೋಟಾರಿನ ಫ್ಯಾನಿನೊಳಗೆ ಇಲಿ ಗೂಡು ಕಟ್ಟಿತ್ತು. ಫ್ಯಾನಿನ ತಗಡಿನ ಮುಚ್ಚಳ ಎಂದೋ ಕಳೆದುಹೋಗಿದೆ. ಅವ್ವ ಫೋನಿನಲ್ಲಿ ಬೀಗ ಒತ್ತಿ, ಸ್ಟಾರ್ಟರ್ ಹತ್ತಿರ ಏನೋ ಮಾಡಿ, ಬಾವಿಯ ಮೆಟ್ಟಿಲಿಳಿದು ರೆಕ್ಕೆಗಳ ನಡುವೆ ಕೈ ಹಾಕಿ ಹುಲ್ಲು ಎಳೆಯತೊಡಗಿದಳು. ನಾನು ಮೇಲೆ, ಬ್ಯಾಟರಿಯಲ್ಲಿ ಓಡುವ ಬೋರ್ಡಿನ ಮುಂದೆ ಕೂತಿದ್ದೆ. ಅಷ್ಟರಲ್ಲಿ ಕರೆಂಟು ಬಂತು. ಮನೆಯಲ್ಲಿದ್ದ ದೊಡ್ಡವ್ವ ತನ್ನ ಫೋನಿನಲ್ಲಿ ಸ್ಟಾರ್ಟ್ ಒತ್ತಿದಳು. ಮೋಟಾರು ಹಚ್ಚುವ ರಿಲೇ ನನ್ನ ಕಣ್ಣೆದುರಿಗೇ ಟಕ್ ಅಂದು, ಹಸಿರು ದೀಪ ಹತ್ತಿಕೊಂಡಿತು.

"ಅವ್ವಾ!" ಎಂದು ಕಿರುಚಿದೆ.

"ಏನೇ? ಆವು ಗೀವು ಬಂತಾ?" ಅಂದಳು ಅವ್ವ, ಹಿಡಿ ಹುಲ್ಲಿನ ಸಮೇತ ಕೈ ಈಚೆ ತೆಗೆದು. ಐದು ಬೆರಳೂ ಇದ್ದವು. ಮೋಟಾರು ಅಲ್ಲಾಡಿರಲಿಲ್ಲ.

ಮೇಲೆ ಬಂದು ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಒಳಗೆ ಮೂರು ಫ್ಯೂಸು. ಇಳಿಯುವ ಮುಂಚೆ ಕಿತ್ತಿಟ್ಟುಕೊಂಡಿದ್ದಳು. ಕೈ ಉಳಿಯಿತಲ್ಲ ಎಂದು ದೇವರಿಗೆ ಕೈ ಮುಗಿಯುವುದು ಬಿಟ್ಟು, ನಾಚಿಕೆಗೆಟ್ಟವಳು ನಾನು, ಅವಳ ಮೇಲೇ ರೇಗಿದೆ. "ಅಂದ್ರೆ ನನ್ ಮ್ಯಾಲೆ ನಂಬ್ಕೆ ಇರ್ಲಿಲ್ವಾ ನಿಂಗೆ?"

"ನಿನ್ ಮ್ಯಾಲೆ ಅದೆ ಕಣೆ. ಡಬ್ಬದ ಮ್ಯಾಲೆ ಇಲ್ಲ" ಅಂದಳು. ಅಲ್ಲೇ ಕೂತು ಗೊಳೋ ಅಂತ ಅತ್ತುಬಿಟ್ಟೆ.

ತಪ್ಪು ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಬೀಗ ಹಾಕಿದೆಯೋ ಇಲ್ಲವೋ ಎಂಬ ಗುರುತನ್ನೂ ನಾನು ಎರಡು ಪ್ರತಿ ಮಾಡಿದ್ದೆ, ಫೋನಿಗೊಂದರಂತೆ. ಅವ್ವನ ಪ್ರತಿಯಲ್ಲಿ ಬೀಗ ಬಿದ್ದಿತ್ತು, ದೊಡ್ಡವ್ವನದರಲ್ಲಿ ತೆರೆದೇ ಇತ್ತು. ಮೋಟಾರಿನ ಬೀಗಕ್ಕೆ ಕಳ್ಳ ಕೀ ಮಾಡಿಸಿಕೊಟ್ಟ ಹಾಗೆ. ಮದುವೆಯಾಗುವವರೆಗೂ ಆ ಒಂದೇ ಕೀ ಕೈ ಬದಲಾಯಿಸುವುದನ್ನು ನೋಡುತ್ತಲೇ ಬೆಳೆದವಳು, ಇದು ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಕಂಪೈಲರ್ ಎರಡು ವಾರ ಬಡಕೊಂಡಿದ್ದೂ ಇದನ್ನೇ. ಬಾಯಿ ಮುಚ್ಚಿಸಿದವಳು ನಾನು.

ಓನರ್ರು, "ಓಡ್ತಿದೆಯಲ್ಲ ಮೇಡಂ, ಗಿರಾಕಿಗಳ್ಗೆ ಕಳ್ಸಿ" ಅಂದರು. "ನಮ್ಮವ್ವನ ಕೈ ಹೋಗ್ತಿತ್ತು ಸಾ. ಕಳ್ಸಲ್ಲ" ಅಂದೆ. ಹಳೆಯದನ್ನೆಲ್ಲ ಅಳಿಸಿ ಮೊದಲಿನಿಂದ ಬರೆದೆ. ಈ ಸಲ ಗುರುತು ಒಂದೇ, ಒಡೆತನ ಒಂದೇ ಕಡೆ. ಎರಡೂ ಫೋನು ಅಲ್ಲಿಗೇ ಬಂದು ಕೇಳಬೇಕು. ಕೆಂಪು ಅಕ್ಷರ ಬಂದಾಗಲೆಲ್ಲ ಬೈಯದೆ ಓದಿದೆ. ಮೂರು ವಾರ ಹಿಡಿಯಿತು.

ಮತ್ತೊಂದು ಭಾನುವಾರ ದೊಡ್ಡವ್ವನನ್ನು ಬಾವಿ ಕಟ್ಟೆಯ ಮೇಲೆ ಫೋನು ಹಿಡಿಸಿ ನಿಲ್ಲಿಸಿದೆ. ಫ್ಯೂಸು ಹಾಕಿಯೇ ಇತ್ತು. ಅವ್ವ ಬೀಗ ಒತ್ತಿದಳು. ನಾನು ಮೆಟ್ಟಿಲಿಳಿದು ಫ್ಯಾನಿನ ಕಡೆ ಕೈ ಚಾಚಿದೆ. ನನ್ನ ತಪ್ಪಿಗೆ ನನ್ನ ಕೈಯೇ ಇರಲಿ ಎಂಬ ಹುಂಬತನ.

ಅವ್ವ ಹಿಂದಿನಿಂದ ಬಂದು ಮಣಿಕಟ್ಟಿಗೆ ರಪ್ಪನೆ ಹೊಡೆದಳು. "ಐಲು! ತಲೆ ಕೆಟ್ಟದಾ? ತಗಿ ಕೈಯ." ಆಮೇಲೆ ಪಕ್ಕದ ಗದ್ದೆಯಿಂದ ಕಬ್ಬಿನ ಸೋಗೆ ಮುರಿದು ತಂದು ರೆಕ್ಕೆಗಳ ನಡುವೆ ಸಿಕ್ಕಿಸಿ, "ಇದೇ ನಿನ್ ಕೈ ಅನ್ಕೊ" ಅಂದಳು.

ದೊಡ್ಡವ್ವ ಒತ್ತಿದಳು. ಸೋಗೆ ಅಲ್ಲಾಡಲಿಲ್ಲ. "ಬೀಗ ಬಿದ್ದದೆ ಅಂತದೆ ಕಣ್ರವ್ವ" ಎಂದು ಫೋನು ನೋಡಿ ಕೂಗಿದಳು. ಇನ್ನೊಂದು ಸಲ, ಮತ್ತೊಂದು ಸಲ, ಬೆರಳು ನೋಯುವವರೆಗೂ ಒತ್ತಿಸಿದೆ. ಅಲ್ಲಾಡಲಿಲ್ಲ. ನಾನು ಕುಣಿಯುವುದೊಂದು ಬಾಕಿ.

"ತಡಿ" ಎಂದು ಅವ್ವ ನನ್ನನ್ನು ಮೇಲೆ ಹತ್ತಿಸಿದಳು. ಸೋಗೆಯನ್ನು ಅಲ್ಲೇ ಬಿಟ್ಟು, ತಾನೂ ಹತ್ತಿ ಬಂದು, ಬೀಗ ತೆಗೆದು, ಓರಗಿತ್ತಿಗೆ "ಈಗ ಒತ್ತು ಅಕ್ಕ" ಅಂದಳು.

ಮೋಟಾರು ಒಮ್ಮೆಲೇ ಎದ್ದಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಸೋಗೆ ಚೂರುಚೂರಾಗಿ, ಬಾವಿಯ ಗೋಡೆಗೆಲ್ಲ ಹಸಿರು ಮೆತ್ತಿಕೊಂಡಿತು. ಪೈಪಿನಲ್ಲಿ ನೀರು ಬಂತು. ಮೂವರಲ್ಲಿ ಯಾರೂ ನೀರಿನ ಕಡೆ ನೋಡಲಿಲ್ಲ.

"ನೋಡ್ಕೊಂಡಾ? ಇದ ಮನ್ಸಲ್ಲಿ ಇಟ್ಕೊಂಡು ಬರಿ" ಎಂದು ಅವ್ವ ನನ್ನ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮೋಟಾರು ಆರಿಸುವವರೆಗೂ ಬಿಡಲಿಲ್ಲ.