ಮಾಸ್ತರರ ಅಂಡಮಾನಿನ ಗಂಟು
ಸ್ವಾತಂತ್ರ್ಯ ಬಂದಾಗಿನಿಂದ ಗದುಗಿನ ಮಾರ್ತಾಂಡ ಮಾಸ್ತರರು ಪ್ರತಿ ಬೇಸಿಗೆ ರಜೆಗೂ ಅಂಡಮಾನಕ್ಕೆ ಹೊರಡುತ್ತಿದ್ದರು. “ಈಗ ಕೈಗೆ ಬೇಡಿ ಇಲ್ದ ಹೋಗಬಹುದಲೇ ಅಂದಪ್ಪಾ! ತೆಂಗಿನ ಗಿಡದ ಕೆಳಗ ಸುಮ್ನ ಬಿದ್ಕೊಂಡಿರೋದು!” ಎನ್ನುವರು. ಕೊರ್ಲಹಳ್ಳಿ ಹೊಳೆಯ ಹರಿಗೋಲಿನಲ್ಲೇ ನೀರಿಗೆ ಹೆದರಿ ಕಣ್ಣು ಮುಚ್ಚಿ ಕೂರುವ ಆಸಾಮಿ! ಆದರೂ ಮುಹೂರ್ತ ನೋಡಿ, ಪ್ರಯಾಣ ಶುರುವಾದ ಶಾಸ್ತ್ರಕ್ಕೆ ಬಟ್ಟೆಯ ಗಂಟನ್ನು ಗೆಳೆಯ ಅಂದಪ್ಪನ ಮನೆಯಲ್ಲಿಡುವರು. ಶಾಲೆ ತೆರೆಯುವ ಮುನ್ನಾದಿನ ಮರಳಿ ಒಯ್ಯುವರು. “ಹಡಗ ತಪ್ಪಿತೇನ್ರಿ ಮಾಸ್ತರ?” ಎಂದು ಅಂದಪ್ಪ ಕೆಣಕಿದರೆ, “ಸಮುದ್ರ ಎಲ್ಲಿ ಓಡಿಹೋಗ್ತದಲೇ?” ಎಂದು ನಗುವರು. ಈ ಬೇಸಿಗೆ ಗಂಟಿಟ್ಟ ವಾರದಲ್ಲೇ ತೀರಿಕೊಂಡರು. ಶಾಲೆ ತೆರೆಯುವ ಮುನ್ನಾದಿನ ಅವರ ಹೆಂಡತಿ ಜಾನಕೀಬಾಯಿ ಗಂಟಿಗಾಗಿ ಬಂದರು. ಕೊಟ್ಟರೆ ಪ್ರಯಾಣವೇ ಮುರಿದಂತೆ. ಅಂದಪ್ಪನಿಗೆ ಮನಸ್ಸು ಬರಲಿಲ್ಲ. “ಇರ್ಲಿ ಬಿಡ್ರೀ ವೈನಿ. ಈ ಸಲ ಮಾಸ್ತರು ಖರೇನ ಹೊಂಟಾರ.” ಜಾನಕೀಬಾಯಿ ಗಂಟನ್ನು ಒಮ್ಮೆ ಸವರಿದರು. “ಅದರಾಗ ನನ್ನ ಹಸಿರು ಸೀರಿನೂ ಅದನೋ ಅಂದಪ್ಪಾ. ಅದೂ ಅಲ್ಲೇ ಇರ್ಲಿ.”