ಉತ್ತರ ಬರುವ ತನಕ

ಹಾಡಲು ಬಾಯಿ ತೆರೆದರೆ ಉಪದೇಶಿಗಳ ಕೊರಳಿನ ನರಗಳು ಹುರಿಹಗ್ಗದ ಹಾಗೆ ಬಿಗಿದು ನಿಲ್ಲುತ್ತಿದ್ದವು. ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಆ ಕೊರಳು. ಮಿಕ್ಕದ್ದನ್ನು ನೆನಪು ಎಷ್ಟು ತಿದ್ದಿದೆಯೋ ಹೇಳಲಾರೆ.

ಅದು ನಿಜಾಮರ ಆಳಿಕೆಯ ಕಾಲ. ಮುದಗಲ್ಲಿನ ನಮ್ಮ ಕ್ರೈಸ್ತ ದೇವಾಲಯದ ಗುರುಗಳು ವರ್ಷದ ಬಹುಪಾಲು ಹಳ್ಳಿ ಸುತ್ತುತ್ತಿದ್ದರು. ಜಪ ಹೇಳಿಸುವುದು, ಮಕ್ಕಳಿಗೆ ಧರ್ಮ ಕಲಿಸುವುದು, ಹಾಡು ಎತ್ತಿಕೊಡುವುದು ಎಲ್ಲ ಉಪದೇಶಿಗಳ ಕೆಲಸ. ಕ್ರಿಸ್ತಜಯಂತಿಗೆ ಮೊದಲಿನ ಆಗಮನ ಕಾಲದಲ್ಲಿ ಅವರು ಹಾಡಿಗೆ ಬಡಿಯುವ ದಮ್ಮಡಿಯನ್ನು ಗೋಡೆಗೆ ತೂಗುಹಾಕಿ, ನಸುಕಿನಲ್ಲಿ ಕಂಬಳಿ ಹೊದ್ದು, ಬರಿಗೊರಳಲ್ಲಿ ಓಣಿ ಸುತ್ತುತ್ತಿದ್ದರು. "ಬರುವಾತ ಬರುವ ಹೊತ್ತಾತು, ಎದ್ದೀರೇನ" ಎಂದು ಬಾಗಿಲು ಬಾಗಿಲಲ್ಲಿ ಅವರು ಹಾಡಬೇಕು. "ಎದ್ದೇವಿ, ಬಾಗಿಲ ತೆರೆದೇವಿ" ಎಂದು ಮನೆಯವರು ಒಳಗಿನಿಂದ ಹಾಡಿ, ಹೊರಬಂದು ಜೊತೆಗೂಡಬೇಕು. ಉತ್ತರ ಬರುವ ತನಕ ಮುಂದಿನ ಮನೆಗೆ ಹೋಗುವಂತಿಲ್ಲ. ಶುರುವಾಗುವುದು ಉಪದೇಶಿಗಳ ಮನೆಯಿಂದಲೇ. ಅವರ ಹೆಂಡತಿ, "ಊರು ಎಬ್ಬಸಾಕ ಹೊಂಟಾರ, ಇವರನ್ನ ಎಬ್ಬಿಸಿದಾಕಿ ನಾನು" ಎಂದು ಒಂದು ಮಾತು ಕುಟುಕಿಯೇ ಉತ್ತರ ಹಾಡುತ್ತಿದ್ದರು.

ಒಂದು ವರ್ಷ ಮಳೆಗಾಲದಲ್ಲಿ ಕಾಲರಾ ಬಂದು ಆಕೆ ತೀರಿಕೊಂಡರು. ಮಕ್ಕಳಿರಲಿಲ್ಲ. ಹೈದರಾಬಾದಿನಲ್ಲಿ ಓದುತ್ತಿದ್ದ ನಾನು ಜ್ವರ ಹಿಡಿದು ಊರಿಗೆ ಮರಳಿದ್ದೆ. ಪಟ್ಟಣದಲ್ಲಿ ಪೂಜೆಗೆ ಹೋಗುವುದನ್ನೇ ಬಿಟ್ಟಿದ್ದೆ; ಅದು ಅವ್ವನಿಗೆ ಗೊತ್ತಿತ್ತೋ ಏನೋ. ಆಗಮನ ಕಾಲ ಬಂತು, ಓಣಿಯಲ್ಲಿ ಹಾಡು ಕೇಳಲಿಲ್ಲ. ಅವರ ಮನೆ ಬಿಟ್ಟು ನಮ್ಮ ಮನೆಯಿಂದ ಶುರುಮಾಡಿರೆಂದು ಅವ್ವ ಬೇಡಿಕೊಂಡಳು.

"ನನ್ನ ಮನೀನ ಎದ್ದಿಲ್ಲ ತಂಗಿ. ನಿನ್ನ ಮನಿ ಹೆಂಗ ಎಬ್ಬಸ್ಲಿ?" ಎಂದರು ಉಪದೇಶಿಗಳು.

ಕೆಲವು ದಿನ ಕಳೆದು ಒಂದು ನಸುಕಿಗೆ ಅವರ ದನಿ ಕೇಳಿ ನಾನು ಬಾಗಿಲಿಗೆ ಬಂದೆ. ಎದುರಿಗೇ ಅವರ ಮನೆ. ತಮ್ಮ ಬಾಗಿಲಿಗೆ ಮುಖಮಾಡಿ ಹಾಡಿದರು. ನಿಂತರು. ಬಹಳ ಹೊತ್ತು ನಿಂತರೆಂದು ನನ್ನ ನೆನಪು, ಅಷ್ಟೇನೂ ಇರಲಿಕ್ಕಿಲ್ಲ. ಆಮೇಲೆ ಬಾಗಿಲು ತಳ್ಳಿ ಒಳಹೋದರು. ಕತ್ತಲೊಳಗಿಂದ ಅವರದೇ ಒಡೆದ ದನಿ ಉತ್ತರ ಹಾಡಿತು. ಹೊರಬಂದು ನೇರ ನಮ್ಮ ಬಾಗಿಲಿಗೆ ನಡೆದು ಬಂದು ಮತ್ತೆ ಹಾಡಿದರು.

ಅವ್ವ ಬಾಯಿಗೆ ಸೆರಗೊತ್ತಿ ಅಳುತ್ತಿದ್ದಳು. ಉಪದೇಶಿಗಳು ಕಾಯುತ್ತಿದ್ದರು. ಉತ್ತರವಿಲ್ಲದ ಇನ್ನೊಂದು ಬಾಗಿಲಲ್ಲಿ ಅವರು ನಿಲ್ಲುವುದನ್ನು ನೋಡಲಾಗದೆ ನಾನೇ ಹಾಡಿದೆ.

ಅದು ಪ್ರಾರ್ಥನೆಯೋ ಬರೀ ಕನಿಕರವೋ, ಈಗಲೂ ಬಿಡಿಸಿ ಹೇಳಲಾರೆ. ಹಾಡಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಅವರ ಹಿಂದೆ ನಡೆದೆ. ಮನೆಮನೆಯ ದನಿ ಕೂಡಿಕೊಂಡು ದೇವಾಲಯ ಮುಟ್ಟುವಾಗ ಬೆಳಕು ಹರಿದಿತ್ತು. ಮೊಣಕಾಲೂರಿದಾಗ, ಪಟ್ಟಣದಲ್ಲಿ ಸುಳ್ಳೆನಿಸಿದ್ದ ಮಾತುಗಳು ತಾವಾಗಿ ಬಾಯಿಗೆ ಬಂದವು.

ಅಲ್ಲಿಂದಾಚೆ ಉಪದೇಶಿಗಳು ಪ್ರತಿ ವರ್ಷ ಮೊದಲು ತಮ್ಮ ಮನೆಯ ಹೊರಗೆ, ಆಮೇಲೆ ಒಳಗೆ ಹಾಡಿದರು. ಅವರು ತೀರಿಕೊಂಡಾಗ ನಾನು ಲಿಂಗಸುಗೂರಿನಲ್ಲಿ ನೌಕರಿಯಲ್ಲಿದ್ದೆ. ಆ ವರ್ಷ ಆಗಮನ ಕಾಲದ ಮೊದಲ ನಸುಕಿಗೆ ಊರಿಗೆ ಹೋದೆ. ಹಾಡು ಎತ್ತುವವರಿಲ್ಲದೆ ಓಣಿಯ ಜನ ಅವರ ಮನೆಯ ಮುಂದೆ ಸುಮ್ಮನೆ ನಿಂತಿದ್ದರು. ಅವ್ವ ಬಾಗಿಲು ತಳ್ಳಿಕೊಂಡು ಒಳಹೋದಳು. ಹೊರಗೆ ನಾನು ಹಾಡು ಎತ್ತಿದೆ.