ಚಿತ್ರದ ಹೊಂಗೆಯ ಹೂ

ವಿಗ್ರಹ ಹಾಲು ಕುಡಿಯಿತು, ಪಟದಿಂದ ವಿಭೂತಿ ಉದುರಿತು ಎಂದು ಯಾರಾದರೂ ಹೇಳಿದರೆ ಅವರ ಮುಖಕ್ಕೇ ನಗುತ್ತಿದ್ದವಳು ನಾನು. ಹೊಸೂರಿನ ಮೇಷ್ಟ್ರ ಮಗಳು, ಸ್ವತಃ ವಿಜ್ಞಾನದ ಟೀಚರು, ನಗದೆ ಇನ್ನೇನು? ಈಗ ನನ್ನ ಮಾತು ಕೇಳಿ ನೀವು ನಗಬಹುದು, ಬೇಜಾರಿಲ್ಲ.

ನನ್ನ ತಂಗಿ ಚಂಪಾ ಹುಟ್ಟಿದ್ದು ಗಂಡಾಗಿ. ಅವಳು ಸೀರೆ ಉಟ್ಟ ದಿನದಿಂದ ಅಪ್ಪ ಮಾತು ಬಿಟ್ಟರು, ಹೊಸಿಲು ದಾಟಗೊಡಲಿಲ್ಲ. ಊರಂಚಿನ ಅವಲಪಲ್ಲಿಯಲ್ಲಿ ಬಾಡಿಗೆ ಕೋಣೆ ಹಿಡಿದು ಚಿತ್ರ ಬರೆದುಕೊಂಡಿದ್ದಳು. ಕೆಲವು ವರ್ಷಗಳ ಹಿಂದೆ, ಕಾರ್ತಿಕದಲ್ಲಿ, ಅಲ್ಲೇ ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಪ್ರದರ್ಶನ ಇಟ್ಟಳು. ಎಲ್ಲ ಚಿತ್ರಗಳಲ್ಲೂ ಒಂದು ಕಾಡು. ಅಲ್ಲಿ ಮರಕ್ಕೆ ಕಣ್ಣು, ಮನುಷ್ಯರ ಭುಜದಲ್ಲಿ ಚಿಗುರು. ಯಾರೂ ಯಾರನ್ನೂ ನೀನು ಯಾರು, ಏನು ಎಂದು ಕೇಳುವುದಿಲ್ಲ. ನಡುಗೋಡೆಯ ದೊಡ್ಡ ಚಿತ್ರದಲ್ಲಿ ಹೂಬಿಟ್ಟ ಹೊಂಗೆಮರ. ಅದರ ಕೆಳಗೆ ಪಂಕ್ತಿ ಊಟ: ನರಿ, ನವಿಲು, ಮುದುಕರು, ಚಂಪಾಳಂಥವರು, ಎಲ್ಲರಿಗೂ ಒಂದೇ ಸಾಲು. ಅಪ್ಪ ಬಂದು ಒಂದು ಸಲ ನೋಡಲಿ, ‘ಬಾ ಮಗಳೇ’ ಅನ್ನಲಿ. ಅವಳಿಗಿದ್ದ ಆಸೆ ಅಷ್ಟೇ.

ಮೊದಲ ಸಂಜೆ ಹಾಲಿಗೆ ಬೀಗ ಹಾಕಿದವಳು ನಾನು, ಬೆಳಗ್ಗೆ ತೆಗೆದವಳೂ ನಾನೇ. ಆ ಚಿತ್ರದ ಕೆಳಗೆ ನೆಲದ ತುಂಬ ಹೊಂಗೆ ಹೂ! ಆಗಷ್ಟೇ ಉದುರಿದ ಹಾಗೆ ತಾಜಾ. ಹೊಂಗೆ ಹೂಬಿಡುವುದು ಯುಗಾದಿ ಸುಮಾರಿಗೆ, ಕಾರ್ತಿಕದಲ್ಲಿ ಎಲ್ಲಿಯದು? ಆ ಬೀದಿಯಲ್ಲಿ ಹೊಂಗೆಮರವೂ ಇಲ್ಲ.

“ಅಕ್ಕ, ನೀನೇ ತಂದಾಕಿದ್ಯಾ?” ಎಂದಳು ಚಂಪಾ.

“ನಂಗೇನ್ ಬೇರೆ ಕೆಲ್ಸ ಇಲ್ವೇನೆ?” ಎಂದು ಗದರಿ ಗುಡಿಸಿದೆ. ಕಸ ಹೊರಗೆ ಹಾಕಿ ಬರುವಷ್ಟರಲ್ಲಿ ನೆಲದ ತುಂಬ ಮತ್ತೆ ಹೂ. ಸುಳ್ಳೇಕೆ ಹೇಳಲಿ, ಪೊರಕೆ ಅಲ್ಲೇ ಬಿಸಾಕಿ ಹೊರಗೆ ಓಡಿದೆ.

ಮಂಟಪದ ವಾಚ್‌ಮನ್ ಊರಿಗೆಲ್ಲ ಸಾರಿಬಿಟ್ಟ. ಮಧ್ಯಾಹ್ನಕ್ಕೆ ಜನವೋ ಜನ. ತಮಿಳರು, ತೆಲುಗರು, ನಮ್ಮವರು, ಎಲ್ಲರ ಕೈಯಲ್ಲೂ ಅರಿಶಿನ, ಕುಂಕುಮ, ತೆಂಗಿನಕಾಯಿ. ಬಣ್ಣ ಹಾಳಾಗುತ್ತದೆ ಎಂದು ಚಂಪಾ ಬೇಡಿಕೊಂಡರೂ ಬಿಡದೆ ಚಿತ್ರದ ಮರಕ್ಕೆ ಕುಂಕುಮ ಮೆತ್ತಿದರು. ಆ ಗುಂಪಿನಲ್ಲಿ, ಮಡಿಪಂಚೆ ಉಟ್ಟು, ಅಪ್ಪನೂ ಬಂದರು! ಚಂಪಾಳ ಮುಖ ಅರಳಿತು. ಅಪ್ಪ ಹೂವಿಗೆ ಅಡ್ಡಬಿದ್ದರು. “ತಾಯಿ ಒಲ್ದವ್ಳೆ” ಎಂದು ಅತ್ತೇಬಿಟ್ಟರು. ಗೋಡೆಗೆ ಒತ್ತಿ ದೀಪ ಹಚ್ಚಿಟ್ಟರು. ಚಿತ್ರಕ್ಕೆ ಬೆಂಕಿ ತಗುಲೀತೆಂದು ಚಂಪಾ ದೀಪ ಸರಿಸಲು ಕೈ ಚಾಚಿದಳು.

“ಮುಟ್ಟಬ್ಯಾಡ, ಮೈಲಿಗೆ ಆಯ್ತದೆ. ಆಕಡೆ ಹೋಗು” ಎಂದರು ಅಪ್ಪ.

ಥೂ, ಈಗ ನೆನೆದರೂ ಮೈ ಉರಿಯುತ್ತದೆ. ಆ ಮರ ಅವಳ ಕೈಯೇ ಬರೆದದ್ದಲ್ಲವೇ? ಅವಳು ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡಳು. ಹೊರಗೆ ಹೋಗಿ ಚಪ್ಪಲಿ ಬಿಡುವ ಜಾಗದಲ್ಲಿ ಕೂತಳು. ಜನ ಅವಳನ್ನು ಬಳಸಿಕೊಂಡು ಒಳಗೆ ಹೋಗುತ್ತಲೇ ಇದ್ದರು.

ಆ ಹೂ ಎಲ್ಲಿಂದ ಬಂತೋ, ಎಷ್ಟು ತಲೆ ಕೆಡಿಸಿಕೊಂಡರೂ ನನಗೆ ತಿಳಿದಿಲ್ಲ. ಇಲ್ಲದ ಮರದ ಹೂವನ್ನು ಒಂದು ಮಾತೂ ಕೇಳದೆ ನಂಬಿದ ಅಪ್ಪ, ಎದುರಿಗೆ ನಿಂತ ಮಗಳನ್ನು ಇವತ್ತಿಗೂ ನಂಬಿಲ್ಲ.